ಅನಧ್ಯಾಯಕಾಲವೂ ಮಕ್ಕಳ ಪುಸ್ತಕಭಂಡಾರವೂ

ಮಕ್ಕಳಿಗೆಂದೇ ಪುಸ್ತಕಭಂಡಾರವನ್ನು ತೆರೆಯುವುದೂ, ಬೇಸಗೆಯಲ್ಲಿ ಒಂದು ಬಗೆ, ನವರಾತ್ರಿಯಲ್ಲಿ ಮತ್ತೊಂದು ಬಗೆಯಾಗಿ ಅಲ್ಲಿ ಕಥಾಕಥನ, ಹಾಡು, ನಾಟಕ, ಚಿತ್ರರಚನೆ ಮೊದಲಾದುವನ್ನು ಏರ್ಪಡಿಸುವುದೂ ಪಶ್ಚಿಮದೇಶದವರಿಂದ ನಾವು ಈಚೆಗೆ ಕಲಿತುಕೊಂಡ ಪದ್ಧತಿಯೆಂಬ ಅಭಿಪ್ರಾಯವು ವಿದ್ವಾಂಸರಲ್ಲಿಯೂ ರೂಢವಾಗಿರುವುದು. ಪುಸ್ತಕಗಳ ವರ್ಗೀಕರಣ, ಎರವಲು ಕೊಡುವ ಕ್ರಮ, ಸಾರ್ವಜನಿಕ ತೆರಿಗೆಯಿಂದ ನಡೆಯುವ ವ್ಯವಸ್ಥೆ ಇವುಗಳ ಮಟ್ಟಿಗೆ ಈ ಅಭಿಪ್ರಾಯವು ದಿಟವೇ ಸರಿ. ಆದರೆ ಓದಿಗೂ ಋತುವಿಗೂ ಇರತಕ್ಕ ಸಂಬಂಧವು ನಮ್ಮಲ್ಲಿ ಬಹು ಪುರಾತನವಾದುದು. ಅಷ್ಟೇ ಅಲ್ಲದೆ, ಪಾಠವು ನಿಂತ ಕಾಲದಲ್ಲಿ ಮಕ್ಕಳು ಏನನ್ನು ಓದಬೇಕು, ಏನನ್ನು ಕೇಳಬೇಕು ಎಂಬ ವಿಚಾರವನ್ನು ನಮ್ಮ ಹಿರಿಯರು ಒಂದು ರೀತಿಯಲ್ಲಿ ನಿರ್ಣಯಿಸಿಯೇ ಇದ್ದರು. ಆ ನಿರ್ಣಯವನ್ನು ಇಂದಿನ ನಮ್ಮ ಊರೂರ ಪುಸ್ತಕಭಂಡಾರಗಳು ಮರೆತಿರುವುವೆಂದು ನನಗೆ ತೋರುವುದರಿಂದ ಈ ಲೇಖನವನ್ನು ಬರೆಯುವ ಸಾಹಸಕ್ಕೆ ಕೈಹಾಕಿರುವೆನು.

ಮೊದಲು ಋತುವಿನ ಮಾತು. ವೇದಾಧ್ಯಯನವು ವರ್ಷವೆಲ್ಲವೂ ಒಂದೇ ಸಮನಾಗಿ ನಡೆಯತಕ್ಕುದಾಗಿರಲಿಲ್ಲವೆಂಬುದು ಧರ್ಮಶಾಸ್ತ್ರವನ್ನು ಬಲ್ಲವರಿಗೆಲ್ಲ ವಿದಿತವೇ ಆಗಿದೆ. ಶ್ರಾವಣದ ಅಥವಾ ಭಾದ್ರಪದದ ಹುಣ್ಣಿಮೆಯಲ್ಲಿ ಉಪಾಕರ್ಮವನ್ನು ಮಾಡಿ, ನಾಲ್ಕೂವರೆ ತಿಂಗಳು ಅಧ್ಯಯನ ನಡೆಸಿ, ಪುಷ್ಯದಲ್ಲಾಗಲಿ ಮಾಘಶುಕ್ಲದ ಮೊದಲ ದಿನದಲ್ಲಾಗಲಿ ಊರ ಹೊರಗೆ ಉತ್ಸರ್ಜನವನ್ನು ಮಾಡಬೇಕೆಂದು ಮನುವು ನಾಲ್ಕನೆಯ ಅಧ್ಯಾಯದಲ್ಲಿ ವಿಧಿಸಿರುವನು. ಯಾಜ್ಞವಲ್ಕ್ಯನು ಇದಕ್ಕೆ ಇನ್ನೊಂದು ಗುರುತನ್ನು ಸೇರಿಸಿ, ಓಷಧಿಗಳು ಮೊಳೆತು ಕಾಣಿಸಿಕೊಂಡಾಗ ಎಂದಿರುವನು. ಮಳೆ ಬಿದ್ದು ನೆಲ ಹಸುರಾಗುವುದೇ ಪಾಠದ ಆರಂಭಕ್ಕೆ ಗುರುತು! ಮಳೆಗಾಲದಲ್ಲಿ ಸಂಚಾರವನ್ನು ನಿಲ್ಲಿಸಿ ಒಂದೇ ಎಡೆಯಲ್ಲಿ ತಂಗುವ ಚಾತುರ್ಮಾಸ್ಯದ ನಿಯಮವು ಸಂನ್ಯಾಸಿಗಳಲ್ಲಿಯೂ ಜೈನ ಬೌದ್ಧ ಯತಿಗಳಲ್ಲಿಯೂ ಸಮಾನವಾಗಿರುವುದನ್ನು ಇದರೊಡನೆ ನೋಡಿದರೆ, ಗುರುಗಳು ಒಂದೆಡೆ ದೊರೆಯುವ ಕಾಲವೂ ಶಿಷ್ಯರು ಕುಳಿತು ಕಲಿಯುವ ಕಾಲವೂ ಒಂದೇ ಆಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಉತ್ಸರ್ಜನವಾದ ಮೇಲೆ ವಿದ್ಯೆಯು ಸಂಪೂರ್ಣವಾಗಿ ನಿಲ್ಲುತ್ತಿತ್ತೆಂದೂ ತಿಳಿಯಬಾರದು. ಅನಂತರ ಶುಕ್ಲಪಕ್ಷಗಳಲ್ಲಿ ವೇದವನ್ನೂ ಕೃಷ್ಣಪಕ್ಷಗಳಲ್ಲಿ ವೇದಾಂಗಗಳನ್ನೂ ಅಭ್ಯಾಸ ಮಾಡಬೇಕೆಂಬ ವಿಧಿಯು ಅಲ್ಲಿಯೇ ಇರುವುದು. ಎಂದರೆ, ಒಂದು ಋತುವು ಒಂದು ಗ್ರಂಥಜಾತಿಗೆ, ಒಂದು ಪಕ್ಷವು ಮತ್ತೊಂದು ಗ್ರಂಥಜಾತಿಗೆ ಎಂಬ ವಿಭಾಗವೇ ಇದ್ದಿತು.

ಇದಲ್ಲದೆ ಅನಧ್ಯಾಯದ ದಿನಗಳು. ಅಷ್ಟಮಿ, ಚತುರ್ದಶಿ, ಪರ್ವಗಳು, ಪ್ರತಿಪತ್ತು. ಅಕಾಲದಲ್ಲಿ ಗುಡುಗಿದರೆ, ಸಿಡಿಲು ಬಿದ್ದರೆ, ಧೂಳು ಎದ್ದರೆ, ನಾಯಿ ನರಿ ಕತ್ತೆಗಳು ಕೂಗಿಕೊಂಡರೆ ಸಹ ಪಾಠ ನಿಲ್ಲತಕ್ಕುದು. ಈ ಪಟ್ಟಿಯನ್ನು ಓದಿದಾಗಲೆಲ್ಲ, ಪಾಠಶಾಲೆಯ ಹಿಂದೆ ಕತ್ತೆಯೊಂದನ್ನು ಕಟ್ಟಿಡಬೇಕೆಂದು ಯಾವ ಬಾಲಕನಿಗೂ ತೋರಲಿಲ್ಲವೇ ಎಂದು ನನಗೆ ನಗು ಬರುವುದುಂಟು. ಅಶೋಕವನದ ಸೀತೆಯು ಪ್ರತಿಪತ್ತಿನಲ್ಲಿ ಪಾಠ ಮಾಡುವವನ ವಿದ್ಯೆಯಂತೆ ಸೊರಗಿದ್ದಳೆಂದು ಸುಂದರಕಾಂಡದಲ್ಲಿ ಆಂಜನೇಯನ ಬಾಯಲ್ಲಿ ಬಂದಿರುವ ಹೋಲಿಕೆಯು ಈ ನಿಯಮದ ಬಲವನ್ನು ತೋರಿಸುವುದು. ವೈಯಾಕರಣರಾದರೋ ಪಾಣಿನಿಮಹರ್ಷಿಯು ದೇಹವನ್ನು ಬಿಟ್ಟ ತಿಥಿಯೆಂದು ತ್ರಯೋದಶಿಯನ್ನೂ ಈ ಪಟ್ಟಿಗೆ ಸೇರಿಸಿಕೊಂಡರು. ನಾನು ಓದಿದ ಪಾಠಶಾಲೆಯಲ್ಲಿಯೂ ಭಾನುವಾರಕ್ಕಿಂತ ಪ್ರತಿಪತ್ತು ಅಷ್ಟಮಿಗಳ ಮೇಲೆ ನಮಗೆ ಹೆಚ್ಚಿನ ಪ್ರೀತಿಯಿದ್ದಿತು.

ಈಗ ಪ್ರಕೃತಕ್ಕೆ ಬರೋಣ. ಅನಧ್ಯಾಯವೆಂದರೆ ಯಾವ ಓದೂ ಇಲ್ಲದ ದಿನವೆಂದು ಸಾಮಾನ್ಯವಾಗಿ ತಿಳಿಯುವರು. ಶಾಸ್ತ್ರವು ಹಾಗೆ ಹೇಳುವುದಿಲ್ಲ. ವೇದಾಂಗಗಳಿಗೂ, ನಿತ್ಯದ ಸ್ವಾಧ್ಯಾಯಕ್ಕೂ, ಹೋಮಮಂತ್ರಗಳಿಗೂ ಅನಧ್ಯಾಯದ ಕಟ್ಟು ಇಲ್ಲವೆಂದು ಮನುವೇ ಎರಡನೆಯ ಅಧ್ಯಾಯದಲ್ಲಿ ವಿನಾಯಿತಿಯನ್ನು ಕೊಟ್ಟಿರುವನು. ಕೂರ್ಮಪುರಾಣವು ಇನ್ನೂ ಮುಂದೆ ಹೋಗಿ, ಅಂಗಗಳಲ್ಲಿಯೂ ಇತಿಹಾಸಪುರಾಣಗಳಲ್ಲಿಯೂ ಧರ್ಮಶಾಸ್ತ್ರಗಳಲ್ಲಿಯೂ ಅನಧ್ಯಾಯವಿಲ್ಲವೆಂದು ವಿಶದಪಡಿಸಿರುವುದು. ಈ ವಿನಾಯಿತಿಯ ತಾತ್ಪರ್ಯವನ್ನು ಚೆನ್ನಾಗಿ ಗಮನಿಸಬೇಕು. ಗುರುವಿನ ಎದುರು ಕುಳಿತು, ಸ್ವರ ತಪ್ಪದಂತೆ ಒಪ್ಪಿಸಬೇಕಾದ ಪಾಠಕ್ಕೆ ಮಾತ್ರ ರಜೆ, ಕಥೆಗೆ ರಜೆಯಿಲ್ಲ. ರಾಮಾಯಣ ಭಾರತಗಳು, ಪುರಾಣಗಳು, ಅವುಗಳಿಂದ ಹುಟ್ಟಿದ ಉಪಾಖ್ಯಾನಗಳು ಪಾಠವು ನಿಂತ ದಿನಗಳಲ್ಲಿಯೇ ಹೆಚ್ಚಾಗಿ ಪ್ರಸರಿಸಿರಬೇಕೆಂದು ಊಹಿಸಲು ಇದರಿಂದ ಅವಕಾಶ ದೊರೆಯುವುದು.

ಇನ್ನೊಂದು ಸಂಗತಿಯನ್ನೂ ಮರೆಮಾಚದೆ ಹೇಳಬೇಕು. ಉಪಾಕರ್ಮದಿಂದ ಉತ್ಸರ್ಜನದವರೆಗಿನ ಆ ಅಧ್ಯಯನಕ್ಕೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಊರಿನ ಬಹುಪಾಲು ಗಂಡುಮಕ್ಕಳಿಗೂ ಇರಲಿಲ್ಲ. ಕಥೆಗೆ ಈ ಬಾಗಿಲು ಇರಲಿಲ್ಲ. ಶ್ರುತಿಯು ಕಿವಿಗೆ ಬೀಳದವರಿಗಾಗಿಯೇ ವ್ಯಾಸರು ಭಾರತವನ್ನು ರಚಿಸಿದರೆಂದು ಭಾಗವತದ ಮೊದಲ ಸ್ಕಂಧದಲ್ಲಿ ಹೇಳಿದೆ. ಆದಕಾರಣ ಇಂದಿನ ಸಾರ್ವಜನಿಕ ಪುಸ್ತಕಭಂಡಾರಕ್ಕೆ ನಮ್ಮಲ್ಲಿ ಪೂರ್ವಜರನ್ನು ಹುಡುಕುವವರು ವೇದಪಾಠಶಾಲೆಯ ಕಡೆಗೆ ನೋಡುವುದಕ್ಕಿಂತ ಪುರಾಣ ಓದುತ್ತಿದ್ದ ಜಗಲಿಯ ಕಡೆಗೆ ನೋಡುವುದು ಹೆಚ್ಚು ಯುಕ್ತವೆಂದು ನನ್ನ ಮತ.

ಹಾಗೆಂದು ಶಾಲೆಯೊಡನೆ ಸೇರಿದ್ದ ಭಂಡಾರಗಳನ್ನು ಅಲ್ಲಗಳೆಯುವಂತಿಲ್ಲ. ಕಲಬುರಗಿ ಸೀಮೆಯ ನಾಗಾವಿಯಲ್ಲಿ ದೊರೆತ, ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ, ಕ್ರಿ. ಶ. 1058ರ ಶಾಸನವು ಅಲ್ಲಿನ ಘಟಿಕಾಸ್ಥಾನದಲ್ಲಿ ವೇದವನ್ನು ಓದುವ 200 ಮಂದಿಯನ್ನೂ ಶಾಸ್ತ್ರವನ್ನು ಓದುವ 52 ಮಂದಿಯನ್ನೂ, ಅವರಿಗೆ ಪಾಠ ಹೇಳುವ ಉಪಾಧ್ಯಾಯರನ್ನೂ ಹೇಳಿ, ಅದರೊಡನೆಯೇ ಆರು ಮಂದಿ ಸರಸ್ವತೀಭಂಡಾರಿಗರನ್ನೂ ಎಣಿಸಿರುವುದು. 252 ಮಂದಿ ಓದುಗರಿಗೆ ಆರು ಜನ ಭಂಡಾರಿಗರು! ಇಂದು ಒಂದು ಗ್ರಾಮಪಂಚಾಯಿತಿಗೆ ಸೇರಿದ ಹಲವು ಹಳ್ಳಿಗಳ ಮಕ್ಕಳೆಲ್ಲರಿಗೂ ಒಬ್ಬ ಮೇಲ್ವಿಚಾರಕರು ಇರುವರೆಂಬುದನ್ನು ನೆನೆದಾಗ ನಾಗಾವಿಯ ಶಾಸನವನ್ನು ಇನ್ನೊಮ್ಮೆ ಓದಬೇಕೆನ್ನಿಸುವುದು.

ಭಂಡಾರಗಳಿಗೂ ತಮ್ಮದೇ ಆದ ಋತುಕಾರ್ಯಗಳಿದ್ದುವು. ಜ್ಯೇಷ್ಠಶುಕ್ಲ ಪಂಚಮಿಯನ್ನು ಜೈನರು ಶ್ರುತಪಂಚಮಿಯೆಂದು ಆಚರಿಸುವರು. ಪುಷ್ಪದಂತ ಭೂತಬಲಿಗಳು ಷಟ್ಖಂಡಾಗಮವನ್ನು ಗ್ರಂಥರೂಪಕ್ಕೆ ತಂದ ದಿನವೆಂದು ಅದರ ಪ್ರಸಿದ್ಧಿ. ಆ ಆಗಮದ ಧವಲಾ ಟೀಕೆಯ ಓಲೆಗಳನ್ನು ಉಳಿಸಿಕೊಟ್ಟ ಮೂಡುಬಿದಿರೆಯು ನಮ್ಮ ನಾಡಿನದೇ ಆಗಿರುವುದು. ಅಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರವನ್ನು ಸುತ್ತಿ ಪೂಜಿಸುವರು. ಬೇಸಗೆಯು ಮುಗಿದು ಮಳೆಯು ಹಿಡಿಯುವ ಮುನ್ನ ಓಲೆಯ ಗರಿಗಳಿಗೆ ಗಾಳಿ ತೋರಿಸುವುದು ಎಷ್ಟು ಅವಶ್ಯಕವೆಂದು ಕರಾವಳಿಯಲ್ಲಿ ಹುಟ್ಟಿದವರಿಗೆ ಹೇಳಬೇಕಾದುದಿಲ್ಲ. ಇನ್ನು ಮಳೆಯು ತಡೆದರೆ ಊರ ಗುಡಿಯಲ್ಲಿ ವಿರಾಟಪರ್ವವನ್ನು ಓದಿಸುವ ವಾಡಿಕೆಯು ಕನ್ನಡನಾಡಿನ ಅನೇಕ ಭಾಗಗಳಲ್ಲಿ ಇದ್ದಿತು. ಮಳೆ ಬಂದಿತೋ ಬಿಟ್ಟಿತೋ, ಆ ನೆವದಿಂದ ಕುಮಾರವ್ಯಾಸನ ಷಟ್ಪದಿಯು ಅಕ್ಷರ ಬಾರದ ಮಕ್ಕಳ ಕಿವಿಗೂ ಬೀಳುತ್ತಿದ್ದಿತು.

ಆದರೆ ಮಕ್ಕಳೇ ಮುಂದಾಳುಗಳಾಗಿ ನಡೆಸುತ್ತಿದ್ದ ಋತುಕಾರ್ಯವನ್ನು ನೋಡಬೇಕಾದರೆ ನವರಾತ್ರಿಗೆ ಬರಬೇಕು. ಮೂಲಾನಕ್ಷತ್ರದಲ್ಲಿ ಸರಸ್ವತಿಯನ್ನು ಪುಸ್ತಕಗಳಲ್ಲಿ ಆವಾಹಿಸಿ ಶ್ರವಣದಲ್ಲಿ ವಿಸರ್ಜಿಸುವವರೆಗೆ ಓದಬಾರದು, ಓದಿಸಬಾರದು, ಬರೆಯಬಾರದು ಎಂದು ನಿಷೇಧವಿರುವುದು. ಪುಸ್ತಕಗಳೆಲ್ಲ ಪೀಠದ ಮೇಲೆ ಏರಿ ಕುಳಿತ ಈ ದಿನಗಳಲ್ಲಿಯೇ ನಮ್ಮ ಹಳೆಯ ಕೂಲಿಮಠಗಳ, ಐಗಳ ಮಠಗಳ ಮಕ್ಕಳು ಊರೊಳಗೆ ಹೊರಡುತ್ತಿದ್ದರು. ಮೈಸೂರು ಸೀಮೆಯಲ್ಲಿ ಮಹಾನವಮಿಯ ಚೌಪದಗಳನ್ನು ಹೇಳುತ್ತ ಉಪಾಧ್ಯಾಯರೊಡನೆ ಮನೆಮನೆಗೆ ಹೋಗುವರು. ಗೃಹಸ್ಥರು ಕೊಟ್ಟ ಕಾಣಿಕೆಯು ಉಪಾಧ್ಯಾಯರ ಜೀವನಕ್ಕೆ ಒದಗುವುದು. ಉಡುಪಿ ಕುಂದಾಪುರಗಳ ಕಡೆ ಇದಕ್ಕೆ ಸಂವಾದಿಯಾಗಿ ಹೂವಿನಕೋಲು ಇರುವುದು. ಭಾಗವತರೊಬ್ಬರು, ಮದ್ದಳೆಯವರೊಬ್ಬರು, ಶ್ರುತಿಗೆ ಒಬ್ಬರು. ಇವರ ಮುಂದೆ ಅಂಗಿ ಟೊಪ್ಪಿಗಳನ್ನು ತೊಟ್ಟ ಇಬ್ಬರು ಬಾಲಕರು ಹೂವಿನಿಂದ ಸಿಂಗರಿಸಿದ ಕೋಲನ್ನು ಹಿಡಿದು ಎದುರುಬದುರಾಗಿ ಕುಳಿತುಕೊಳ್ಳುವರು. ಮೊದಲು ಮನೆಯವರಿಗೆ ಶುಭವನ್ನು ಹಾರೈಸುವ ಪದ್ಯ. ಆಮೇಲೆ ಯಾವುದಾದರೊಂದು ಯಕ್ಷಗಾನ ಪ್ರಸಂಗದ ತುಣುಕನ್ನು ಎತ್ತಿಕೊಂಡು, ಭಾಗವತರು ಹಾಡಿದ ಪದ್ಯಕ್ಕೆ ಬಾಲಕರು ಅರ್ಥ ಹೇಳುವರು. ಅಕ್ಕಿ, ತೆಂಗಿನಕಾಯಿ, ದುಡ್ಡು ಮನೆಯವರ ಕಾಣಿಕೆ. ಅಲ್ಲಿಂದ ಮುಂದಿನ ಮನೆ. ಈ ಸಂಪ್ರದಾಯವು ಇನ್ನೂ ಅಲ್ಲಲ್ಲಿ ಉಳಿದಿರುವುದು ಸಂತೋಷದ ವಿಷಯ.

ನನ್ನ ಬಾಲ್ಯದಲ್ಲಿ ಎರಡು ನವರಾತ್ರಿ ನಾನೂ ಈ ಕೋಲನ್ನು ಹಿಡಿದಿದ್ದೆನು. ಕೃಷ್ಣಾರ್ಜುನ ಕಾಳಗದ ಅರ್ಜುನನ ಮಾತು ನನ್ನ ಪಾಲಿಗೆ ಬಂದಿತ್ತು. ಗಯನೆಂಬ ಗಂಧರ್ವನಿಗೆ ಅಭಯವನ್ನು ಕೊಟ್ಟ ತಪ್ಪಿಗೆ ಸಖನಾದ ಕೃಷ್ಣನ ಮೇಲೆಯೇ ಬಿಲ್ಲನ್ನು ಎತ್ತಬೇಕಾದ ಅರ್ಜುನನ ಇಕ್ಕಟ್ಟನ್ನು ಹನ್ನೊಂದು ವರ್ಷದ ಹುಡುಗನು ಎಷ್ಟು ಅರಿತಿದ್ದನೋ ಕಾಣೆ. ಆದರೆ ಹತ್ತಾರು ಮನೆಗಳಲ್ಲಿ ಅದನ್ನೇ ಹೇಳಿ ಹೇಳಿ, ಈ ಗಯನು ಯಾರು, ಆಮೇಲೆ ಅವನು ಏನಾದನು, ಭಾರತದಲ್ಲಿ ಇದು ಎಲ್ಲಿ ಬರುವುದು ಎಂಬ ಕುತೂಹಲವು ತಡೆಯಲಾರದಷ್ಟಾಯಿತು. ನಾನಾಗಿ ಒಂದು ಪುಸ್ತಕವನ್ನು ಹುಡುಕಿಕೊಂಡು ಹೊರಟುದು ಅದೇ ಮೊದಲು. ಊರಿನಿಂದ ಮೂರು ಮೈಲಿ ದೂರದಲ್ಲಿದ್ದ ವಾಚನಾಲಯಕ್ಕೆ ವಿಜಯದಶಮಿಯ ಮಾರನೆಯ ದಿನ ನಡೆದು ಹೋದೆನು. ಬಾಗಿಲಿಗೆ ಬೀಗ. ಶಾಲೆಗೆ ದಸರೆಯ ರಜೆಯಾದ್ದರಿಂದ ಓದುವ ಹುಡುಗರು ಬರಲಾರರೆಂದು ವಾಚನಾಲಯವನ್ನೂ ಮುಚ್ಚಿರುವರೆಂದು ಪಕ್ಕದ ಅಂಗಡಿಯವರು ಹೇಳಿದರು. ಶಾಲೆಯಿರುವಾಗ ಅದು ತೆರೆಯುತ್ತಿದ್ದ ಹೊತ್ತಾದರೂ ನಾವು ಶಾಲೆಯಲ್ಲಿರುತ್ತಿದ್ದ ಹೊತ್ತೇ ಆಗಿತ್ತು. ರಜೆಯು ಮುಗಿದ ಮೇಲೆ ಒಂದು ಶನಿವಾರ ಮಧ್ಯಾಹ್ನ ಒಳಹೊಕ್ಕು ಭಾರತದ ಸಂಪುಟಗಳನ್ನೆಲ್ಲ ತಿರುವಿಹಾಕಿದೆನು. ಗಯನ ಕಥೆ ಸಿಕ್ಕಲಿಲ್ಲ. ಅದು ವ್ಯಾಸಭಾರತದಲ್ಲಿ ಇಲ್ಲವೇ ಇಲ್ಲವೆಂದು ತಿಳಿದುದು ಎಷ್ಟೋ ವರ್ಷಗಳ ಮೇಲೆ, ಪಾಠಶಾಲೆಯ ಗುರುಗಳ ಬಾಯಿಂದ. ಗ್ರಂಥದಲ್ಲಿ ಇರುವುದಕ್ಕೂ ಜನರ ಬಾಯಲ್ಲಿ ಇರುವುದಕ್ಕೂ ಭೇದವಿರುವುದೆಂಬ ಅರಿವು ನನಗೆ ಹುಟ್ಟಿದ್ದು ಆ ಹೂವಿನಕೋಲಿನಿಂದಲೇ ಎಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಮಕ್ಕಳ ಪುಸ್ತಕಗಳ ವಿಚಾರಕ್ಕೆ ಬಂದರೆ, ಬಾಲಕರಿಗೆಂದು ಬರೆದುದಾಗಿ ತಾನೇ ಹೇಳಿಕೊಳ್ಳುವ ಗ್ರಂಥವು ನಮ್ಮಲ್ಲಿ ಪಂಚತಂತ್ರ. ಪಾಠವು ತಲೆಗೆ ಹತ್ತದ ಮೂವರು ರಾಜಪುತ್ರರನ್ನು ಆರು ತಿಂಗಳಲ್ಲಿ ನೀತಿಜ್ಞರನ್ನಾಗಿ ಮಾಡುವೆನೆಂದು ವಿಷ್ಣುಶರ್ಮನು ಪಣ ತೊಟ್ಟ ಕಥೆಯು ಪ್ರಸಿದ್ಧವಾಗಿದೆ. ಇದರ ವಸುಭಾಗಭಟ್ಟನ ಪಾಠವನ್ನು ಅನುಸರಿಸಿ ದುರ್ಗಸಿಂಹನು 11ನೆಯ ಶತಮಾನದಲ್ಲಿಯೇ ಕನ್ನಡಕ್ಕೆ ತಂದನಷ್ಟೆ. ಆದರೆ ಅವನ ಪ್ರೌಢವಾದ ಚಂಪುವು ಮಕ್ಕಳ ಕೈಗೆ ಸಿಕ್ಕುವಂತಹುದಲ್ಲ. ಮಕ್ಕಳ ಕೈಗೆ, ಮಕ್ಕಳ ಮಾತಿನಲ್ಲಿ, ಪಠ್ಯವಲ್ಲದ ಪುಸ್ತಕವು ಬರಬೇಕಾದರೆ ಕನ್ನಡವು 20ನೆಯ ಶತಮಾನದವರೆಗೆ ಕಾಯಬೇಕಾಯಿತು.

ಆ ಕಾಲಕ್ಕೆ ಸರಿಯಾಗಿ ಹೊರಗಿನಿಂದ ಬಂದ ಪ್ರೇರಣೆಯನ್ನು ಇಲ್ಲಿ ಸ್ವಲ್ಪದರಲ್ಲಿ ಹೇಳುವೆನು. ಅಮೆರಿಕದ ಕ್ಲೀವ್‌ಲೆಂಡ್ ನಗರದ ಗ್ರಂಥಾಲಯದಲ್ಲಿ ಲಿಂಡಾ ಈಸ್ಟ್‌ಮನ್ ಎಂಬಾಕೆಯು 1897ರಲ್ಲಿ ಮಕ್ಕಳದೇ ಒಂದು ಓದುಗರ ಸಂಘವನ್ನು ಕಟ್ಟಿದಳು. ಬೇಸಗೆಯ ದೀರ್ಘವಾದ ರಜೆಯಲ್ಲಿ ಮಕ್ಕಳಿಂದ ಓದಿಸುವ ಪದ್ಧತಿಯು ಆ ದೇಶದಲ್ಲಿ ಬೇರೂರಿದುದು ಆ ಸುಮಾರಿನಲ್ಲಿಯೇ. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ಆ ದೇಶದ ಗ್ರಂಥಾಲಯಗಳನ್ನು ಕಂಡು ಮೆಚ್ಚಿ, 1910ರಲ್ಲಿ ಬಾರ್ಡನ್ ಎಂಬ ಅಮೆರಿಕದ ಗ್ರಂಥಪಾಲಕನನ್ನು ಕರೆಯಿಸಿಕೊಂಡು ತಮ್ಮ ಸಂಸ್ಥಾನದಲ್ಲಿ ಕೇಂದ್ರ ಗ್ರಂಥಾಲಯವನ್ನೂ, ಹಳ್ಳಿಗಳ ಗ್ರಂಥಾಲಯಗಳನ್ನೂ, ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ಊರಿಂದ ಊರಿಗೆ ಕಳುಹಿಸುವ ಸಂಚಾರಿ ಗ್ರಂಥಾಲಯಗಳನ್ನೂ ಸ್ಥಾಪಿಸಿದರು. ಕೇಂದ್ರ ಗ್ರಂಥಾಲಯದಲ್ಲಿ ಮಕ್ಕಳಿಗೆ ಪ್ರತ್ಯೇಕವಾದ ವಿಭಾಗವಿದ್ದು ಅಲ್ಲಿ ಪುಸ್ತಕಗಳೊಡನೆ ಆಟಿಕೆಗಳನ್ನೂ ಇಟ್ಟಿದ್ದರು. ಅದೇ ಬಡೋದೆಯಿಂದ 1916ರಲ್ಲಿ ಪ್ರಾಚ್ಯಗ್ರಂಥಮಾಲೆಯ ಮೊದಲ ಕುಸುಮವಾಗಿ ರಾಜಶೇಖರನ ಕಾವ್ಯಮೀಮಾಂಸೆಯು ಹೊರಬಿದ್ದಿತು. ಅದರ ಹದಿನೆಂಟನೆಯ ಅಧ್ಯಾಯವು ಕವಿಯು ಅರಿತಿರಬೇಕಾದ ಋತುಗಳನ್ನು ಕುರಿತುದೆಂಬುದನ್ನು ಪ್ರಸಂಗವಶಾತ್ ನೆನೆಯಬಹುದು. ಮೈಸೂರು ಸಂಸ್ಥಾನದಲ್ಲಿಯೂ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಸಾರ್ವಜನಿಕ ಗ್ರಂಥಾಲಯವು ಸ್ಥಾಪಿತವಾಗಿ, ಬೆಂಗಳೂರಿನ ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕಭವನವು ಅದರ ನೆಲೆಯಾಯಿತು. ಅದೇ ಉದ್ಯಾನದಲ್ಲಿ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯವು ಏರ್ಪಟ್ಟುದು ಬಹಳ ಈಚೆಗೆ.

ಕಟ್ಟಡವಿದ್ದರೂ ಕಪಾಟಿನಲ್ಲಿ ಇಡುವುದಕ್ಕೆ ಪುಸ್ತಕ ಬೇಡವೆ? ಆ ಕೆಲಸವನ್ನು ಮಾಡಿದವರು ಬಹುಮಟ್ಟಿಗೆ ಶಾಲಾ ಉಪಾಧ್ಯಾಯರು. ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿ, ತಾವೂ ಬರೆದು ಇತರರಿಂದಲೂ ಬರೆಯಿಸಿದರು. ಅವರ ಒಡ್ಡನ ಓಟ, ಇಲಿಗಳ ಥಕಥೈ, ಸಿಗಡಿ ಯಾಕೆ ಒಣಗಲಿಲ್ಲ ಮೊದಲಾದ ಕಥೆಗಳು ಮೂರು ತಲೆಮಾರಿನ ಮಕ್ಕಳನ್ನು ನಗಿಸಿರುವುವು. ಅವರು ಕೊಡಗಿನಲ್ಲಿದ್ದಾಗ ರಚಿಸಿದ ಹುತ್ತರಿ ಹಾಡು ಹೊಸ ಬತ್ತವನ್ನು ಮನೆಗೆ ತರುವ ಹಬ್ಬದ ಹೆಸರನ್ನೇ ಹೊತ್ತಿರುವುದು; ಮಕ್ಕಳ ಸಾಹಿತ್ಯವು ಋತುವಿಗೆ ಅಂಟಿಕೊಂಡು ಬೆಳೆದುದಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆಯು ನನಗೆ ತಿಳಿಯದು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ಬಾಲಪ್ರಪಂಚವನ್ನು ಏಕಾಂಗಿಯಾಗಿ ಸಿದ್ಧಪಡಿಸಿ, ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಆಡಿ ಕುಣಿದರು. ಅದೇ ಪುತ್ತೂರಿನಲ್ಲಿ ದಸರೆಯನ್ನು ನಾಡಹಬ್ಬವಾಗಿ ನಡೆಸಿದವರೂ ಅವರೇ. ರಾಜರತ್ನಂ ಅವರ ತುತ್ತೂರಿ, ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿ ಇವುಗಳನ್ನು ಹೆಸರಿಸಿದರೆ ಸಾಕು, ವಾಚಕರು ತಾವೇ ಮುಂದಕ್ಕೆ ಹೇಳಿಕೊಳ್ಳುವರು. ಸರಸ್ವತಿ ಪತ್ರಿಕೆಯ ಸಂಪಾದಕಿಯಾಗಿದ್ದ ಆರ್. ಕಲ್ಯಾಣಮ್ಮನವರು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಕಟ್ಟಿ ಆಟ ಪಾಠಗಳನ್ನು ಒಂದೇ ಸೂರಿನ ಕೆಳಗೆ ತಂದರು. 1949ರಿಂದ ಕನ್ನಡದಲ್ಲಿ ಹೊರಟ ಚಂದಮಾಮವು ಪುರಾಣದ ಜಗಲಿಯನ್ನೇ ಬಣ್ಣದ ಚಿತ್ರಗಳೊಡನೆ ಮನೆಮನೆಗೆ ತಂದಿತೆನ್ನಬಹುದು. ಈಗ ಅದು ನಿಂತುಹೋಗಿರುವುದು. 1970ರ ದಶಕದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ಆರಂಭಿಸಿದ ಭಾರತ ಭಾರತಿ ಮಾಲೆಯು ಐದುನೂರಕ್ಕೂ ಮೀರಿದ ಕಿರುಹೊತ್ತಗೆಗಳನ್ನು ಕೊಟ್ಟಿತು. ಪಾಠಶಾಲೆಯ ಪ್ರತಿಪತ್ತು ಅಷ್ಟಮಿಗಳಲ್ಲಿ ನಾನು ಲಘುಕೌಮುದಿಯ ಕೆಳಗೆ ಬಚ್ಚಿಟ್ಟುಕೊಂಡು ಓದುತ್ತಿದ್ದುದು ಇವುಗಳನ್ನೇ. ಒಮ್ಮೆ ಗುರುಗಳ ಕೈಗೆ ಸಿಕ್ಕಿಬಿದ್ದೆನು. ಅವರು ಪುಸ್ತಕವನ್ನು ತಿರುವಿ ನೋಡಿ, ಅನಧ್ಯಾಯದಲ್ಲಿ ಇತಿಹಾಸಪುರಾಣಗಳಿಗೆ ದೋಷವಿಲ್ಲವಲ್ಲ, ಬಚ್ಚಿಡುವುದೇಕೆ ಎಂದು ಕೇಳಿ ಹಿಂದಕ್ಕೆ ಕೊಟ್ಟರು.

1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಿಂದ ಗ್ರಂಥಾಲಯಕ್ಕೆಂದು ಪ್ರತ್ಯೇಕ ಕರವು ಏರ್ಪಟ್ಟು, ಕ್ರಮವಾಗಿ ಹಳ್ಳಿಗಳವರೆಗೂ ಪುಸ್ತಕಭಂಡಾರಗಳು ಹಬ್ಬಿದುವು. 2019ರಲ್ಲಿ 5,600ಕ್ಕೂ ಹೆಚ್ಚಿನ ಗ್ರಾಮಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವಶಕ್ಕೆ ಬಂದುವು. ಮರುವರ್ಷವೇ, ಸ್ಮೃತಿಕಾರರಾರೂ ಊಹಿಸದಿದ್ದ ಒಂದು ಅನಧ್ಯಾಯವು ಒದಗಿತು. 2020ರ ಮಾರ್ಚಿಯಲ್ಲಿ ಕೊರೋನಾ ಮಹಾಮಾರಿಯ ದೆಸೆಯಿಂದ ಶಾಲೆಗಳು ಮುಚ್ಚಿ, ಕಿರಿಯ ತರಗತಿಗಳ ಮಕ್ಕಳಿಗೆ ಒಂದೂವರೆ ವರ್ಷವಾದರೂ ತೆರೆಯಲಿಲ್ಲ. ಆ ಆಗಸ್ಟಿನಲ್ಲಿ ವಿದ್ಯಾಗಮವೆಂಬ ಹೆಸರಿನಿಂದ ಉಪಾಧ್ಯಾಯರು ಗುಡಿಯ ಜಗಲಿ, ಮರದ ನೆರಳುಗಳಲ್ಲಿ ಪಾಠ ಹೇಳಿದರು. ಅಕ್ಟೋಬರಿನಲ್ಲಿ ಅದೂ ತಡೆಯಲ್ಪಟ್ಟಿತು. ನವೆಂಬರಿನಲ್ಲಿ ಓದುವ ಬೆಳಕು ಎಂಬ ಕಾರ್ಯಕ್ರಮವು ಆರಂಭವಾಗಿ, 6ರಿಂದ 18 ವರ್ಷದವರೆಗಿನ ಮಕ್ಕಳನ್ನು ಹಣ ತೆಗೆದುಕೊಳ್ಳದೆ ಗ್ರಾಮದ ಗ್ರಂಥಾಲಯಗಳಿಗೆ ಸೇರಿಸಿಕೊಂಡರು. ಪಾಠವು ನಿಂತಾಗ ಕಥೆಯು ನಿಲ್ಲಬಾರದೆಂಬ ಆ ಹಳೆಯ ವಿನಾಯಿತಿಯು, ಅದನ್ನು ಕೇಳಿಯೂ ಅರಿಯದ ಅಧಿಕಾರಿಗಳ ಕೈಯಿಂದ, ಎಲ್ಲ ಮಕ್ಕಳಿಗೂ ಅನ್ವಯಿಸುವಂತೆ ಮತ್ತೆ ಜಾರಿಗೆ ಬಂದುದನ್ನು ಕಂಡು ನಾನು ನಿಜವಾಗಿಯೂ ವಿಸ್ಮಿತನಾದೆನು. ಮುಂದೆ ಈ ಗ್ರಂಥಾಲಯಗಳಿಗೆ ಅರಿವು ಕೇಂದ್ರಗಳೆಂದು ಹೆಸರಾಗಿ, ಬೇಸಗೆಯ ರಜೆಯಲ್ಲಿ ಮಕ್ಕಳ ಶಿಬಿರಗಳು ಅಲ್ಲಿ ನಡೆದಿರುವುವು. ನವೆಂಬರ್ 14ರಂದು ಮಕ್ಕಳ ದಿನವೂ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹದ ಆರಂಭವೂ ಒಂದೇ ಆಗಿ ಬರುವುದರಿಂದ ಆಗಲೂ ಕೆಲವು ಕಾರ್ಯಗಳು ನಡೆಯುವುವು.

ಇಲ್ಲಿ ಒಂದು ಪೂರ್ವಪಕ್ಷ. ಶಿಬಿರವೆಂದು ಮಕ್ಕಳನ್ನು ಕೂಡಿಹಾಕಿ ಮಣ್ಣಿನ ಗೊಂಬೆ, ಕಾಗದದ ಹೂವು, ಕುಣಿತಗಳನ್ನು ಮಾಡಿಸುವುದು ಗ್ರಂಥಾಲಯದ ಕೆಲಸವೇ ಅಲ್ಲ. ಇದರಿಂದ ಓದು ಕೆಡುವುದೇ ಹೊರತು ಬೆಳೆಯುವುದಿಲ್ಲವೆಂದು ನನ್ನ ಮಿತ್ರರಾದ ವಿದ್ವಾಂಸರೊಬ್ಬರು ವಾದಿಸುವರು. ಹೂವಿನಕೋಲನ್ನು ಕಂಡವರು ಈ ವಾದವನ್ನು ಪೂರ್ತಿಯಾಗಿ ಒಪ್ಪಲಾರರು. ಅಲ್ಲಿಯೂ ಪುಸ್ತಕವನ್ನು ಯಾರೂ ಬಿಡಿಸುತ್ತಿರಲಿಲ್ಲ. ಆದರೆ ವಾದದಲ್ಲಿ ಹುರುಳಿಲ್ಲವೆಂದೂ ಹೇಳಲಾರೆನು. ಹೂವಿನಕೋಲಿನಲ್ಲಿ ಅಂಗಿ, ಟೊಪ್ಪಿ, ಹೂವುಗಳೆಲ್ಲವೂ ಒಂದು ಪ್ರಸಂಗದ ಸುತ್ತ ಇದ್ದುವು. ಬಾಲಕನು ಪದ್ಯವನ್ನು ಕಲಿಯದೆ ಕೋಲನ್ನು ಹಿಡಿಯುವಂತಿರಲಿಲ್ಲ. ನಾನು ಕಂಡ ಒಂದು ಶಿಬಿರದಲ್ಲಿ ಹತ್ತು ದಿನವೂ ಪುಸ್ತಕದ ಕಪಾಟಿಗೆ ಬೀಗ ಹಾಕಿತ್ತು. ಮಕ್ಕಳು ಹೊಲಸು ಮಾಡುವರೆಂದು ಕಾರಣ. ಅಲ್ಲಿ ನಡೆದುದು ಆಟವೆಂದು ಬೇಕಾದರೆ ಒಪ್ಪೋಣ, ಗ್ರಂಥಾಲಯದ ಆಟವೆಂದು ಹೇಳಬರುವುದಿಲ್ಲ. ಪಂಜೆಯವರ ಸಿಗಡಿಯ ಕಥೆಯನ್ನು ಓದಿ ಆಮೇಲೆ ಮಣ್ಣಿನಲ್ಲಿ ಸಿಗಡಿಯನ್ನು ಮಾಡಿಸಿದ ಇನ್ನೊಂದು ಹಳ್ಳಿಯ ಮೇಲ್ವಿಚಾರಕಿಯೊಬ್ಬರನ್ನೂ ನಾನು ಬಲ್ಲೆನು. ಆಕೆಗೆ ಹೂವಿನಕೋಲಿನ ಮರ್ಮವು ತಾನಾಗಿಯೇ ಹೊಳೆದಿತ್ತು.

ಇದಕ್ಕಿಂತಲೂ ಮುಖ್ಯವಾದುದು ಬಾಗಿಲು ತೆರೆಯುವ ಕಾಲ. ಏಪ್ರಿಲಿನ ನಡುವಿನಿಂದ ಮೇ ತಿಂಗಳ ಕೊನೆಯವರೆಗೆ ಬೇಸಗೆಯ ರಜೆ. ಆಶ್ವಯುಜದಲ್ಲಿ ದಸರೆಯ ರಜೆ. ಶಾಲೆಯ ಪಾಲಿಗೆ ಇವು ಅನಧ್ಯಾಯಗಳು. ಗ್ರಂಥಾಲಯದ ಪಾಲಿಗೆ ಇವೇ ಉಪಾಕರ್ಮದ ಕಾಲ. ಶಾಲೆಯ ಹೊತ್ತಿಗೆ ತೆರೆದು ಶಾಲೆಯ ಹೊತ್ತಿಗೆ ಮುಚ್ಚುವ, ಹಬ್ಬದ ರಜೆಗಳನ್ನು ಶಾಲೆಗಿಂತ ನಿಷ್ಠೆಯಿಂದ ಆಚರಿಸುವ ವಾಚನಾಲಯಗಳನ್ನು ನಾನು ಈಗಲೂ ಕಾಣುತ್ತಿರುವೆನು. ಮೇಲ್ವಿಚಾರಕರಿಗೂ ಹಬ್ಬವಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದುದೇ. ನಾಗಾವಿಯಲ್ಲಿ ಆರು ಮಂದಿ ಇದ್ದರು. ಸರದಿಯ ಮೇಲೆ ಹಬ್ಬ ಮಾಡಲು ಅವರಿಗೆ ಅನುಕೂಲವಿದ್ದಿರಬೇಕು. ಇಂದು ಒಬ್ಬರಿರುವ ಕಡೆ ಇಬ್ಬರನ್ನಾದರೂ ಇಡದೆ, ಹಬ್ಬದ ದಿನ ಏಕೆ ಬಾಗಿಲು ತೆರೆಯಲಿಲ್ಲವೆಂದು ಅವರನ್ನು ಕೇಳುವುದಕ್ಕೆ ನಮಗೆ ಮುಖವಿಲ್ಲ.

ಮಹಾನವಮಿಯ ಚೌಪದಗಳನ್ನೂ ಹೂವಿನಕೋಲಿನ ಪದ್ಯಗಳನ್ನೂ ಬರೆದಿಟ್ಟುಕೊಂಡ ಹಳೆಯ ಕೈಬರಹದ ಪುಸ್ತಕಗಳು ಇನ್ನೂ ಎಷ್ಟೋ ಮನೆಗಳ ಅಟ್ಟಗಳಲ್ಲಿ ಇರಬೇಕು. ಅವುಗಳಲ್ಲಿ ಬಾಲಕರೇ ತಮ್ಮ ಕೈಯಾರೆ ಬರೆದುಕೊಂಡವು, ಅಂಚಿನಲ್ಲಿ ತಪ್ಪು ತಿದ್ದಿದವು, ಮುಂದಿನ ವರ್ಷದ ಹುಡುಗನಿಗೆ ಹೆಸರು ಬರೆದು ಕೊಟ್ಟವು ದೊರೆತರೆ ಕನ್ನಡದ ಮಕ್ಕಳ ಪುಸ್ತಕದ ಚರಿತ್ರೆಯು ಇನ್ನಷ್ಟು ಹಿಂದಕ್ಕೆ ಸರಿಯಬಹುದೆಂದು ನನ್ನ ಊಹೆ. ಮಲೆನಾಡು, ಬಯಲುಸೀಮೆ, ಉತ್ತರ ಕರ್ನಾಟಕದ ಐಗಳ ಮಠಗಳ ಕಡೆಯ ಇಂತಹ ಪ್ರತಿಗಳು ಯಾರಲ್ಲಿಯಾದರೂ ಇದ್ದರೆ, ಅವರು ಪತ್ರಿಕೆಯ ಮೂಲಕ ತಿಳಿಯಪಡಿಸಬೇಕೆಂದು ಪ್ರಾರ್ಥಿಸುವೆನು; ಪ್ರತಿಯನ್ನು ನೋಡಿಕೊಂಡು ಜೋಪಾನವಾಗಿ ಹಿಂದಿರುಗಿಸಲಾಗುವುದು.